ಆರ್ಗನ್ ಸುಮ್ಮನಾದ ಗಳಿಗೆ

ಕ್ಯಾಂಟರ್ಬರಿಯ ಬಸ್ ನಿಲ್ದಾಣದಲ್ಲಿ ಕೂತಿದ್ದ ಮುದುಕ ಲೆನರ್ಡ್ ಥ್ವೇಟ್, ತನ್ನ ಹಳೆಯ ರಾಕ್ ತಂಡದ ಹೆಸರು ಕೇಳಿ ಪಕ್ಕದ ಬೆಂಚಿನ ಅಕ್ಕ-ತಮ್ಮನ ಮಾತಿಗೆ ಕಿವಿಗೊಟ್ಟ. ಸಂಗೀತದ ಪತ್ರಿಕೆಯೊಂದನ್ನು ತಮ್ಮ ಬಿಡಿಸಿಕೊಂಡಿದ್ದ.

“ಅಕ್ಕಾ, ಕೇಳಿಲ್ಲಿ. ‘ಹಾಡಿನ ನಡುವೆ ಆರ್ಗನ್ ಥಟ್ಟನೆ ಮೌನವಾಗುತ್ತದೆ. ಅದು ಬ್ರಹ್ಮಾಂಡವೇ ಉಸಿರು ಬಿಗಿಹಿಡಿದ ಗಳಿಗೆ.’”

“ಹಾಡು ಎಷ್ಟುದ್ದವೋ?” ಎಂದಳು ಅಕ್ಕ.

“ರೆಕಾರ್ಡಿನ ಒಂದಿಡೀ ಮಗ್ಗುಲು.”

“ಹಾಗಾದ್ರೆ ಉಸಿರು ಬಿಗಿಹಿಡಿದಿದ್ದಲ್ಲ, ನಿದ್ದೆ ಹೋಗಿದ್ದು.”

“ನಿಂಗಿದೆಲ್ಲ ತಿಳಿಯಲ್ಲ ಬಿಡು. ಈ ವಿಮರ್ಶಕ ನಲವತ್ತು ವರ್ಷದಿಂದ ಇದೊಂದರ ಬಗ್ಗೆನೇ ಬರೀತಿದ್ದಾನೆ.”

“ಪಾಪ, ಅವನಿಗಿನ್ನೂ ಹಾಡು ಮುಗಿದಿಲ್ವೇನೋ. ಅಲ್ವೋ, ಫ್ಯೂಸ್ ಹೋಗಿರಬೇಕು ಅಂತ ಒಬ್ರಿಗೂ ಹೊಳೀಲಿಲ್ವಾ?”

“ಫ್ಯೂಸಂತೆ! ಆ ಆರ್ಗನ್ನಿನವನು ಋಷಿ ಕಣಕ್ಕಾ.”

ಆ ಆರ್ಗನ್ ನುಡಿಸಿದ್ದವನು ಲೆನರ್ಡೇ. ಹಾಡು ರೆಕಾರ್ಡಾದ ಅಂದಿನ ಸಂಗೀತ ಕಚೇರಿಯಲ್ಲಿ ಹೋದದ್ದು ಫ್ಯೂಸೇ. ಮಾನ ಕಳೆದೆ ಎಂದು ಗೆಳೆಯರು ಮರುದಿನವೇ ಅವನನ್ನು ತಂಡದಿಂದ ಹೊರದಬ್ಬಿದ್ದರು. ಹೇಳಿಯೇಬಿಡೋಣವೆಂದು ಬಾಯಿ ತೆರೆದ.

ಅಷ್ಟರಲ್ಲಿ ಬಸ್ಸು ಬಂತು.

“ಏಳೋ, ನಿನ್ನ ಋಷೀನ ಮಡಚಿ ಚೀಲಕ್ಕೆ ಹಾಕು,” ಎನ್ನುತ್ತ ಅಕ್ಕ ಎದ್ದಳು.

ಋಷಿ ಕಾಲು ಮಡಚಿಕೊಂಡು ಅವರಿಗೆ ದಾರಿ ಬಿಟ್ಟ.