ಅಕ್ಕ ಕಾಯ್ದ ಜಾಗ

ಬಸ್ಸಿನ ಸಾಲಿನಲ್ಲಿ ಜಪಸರ ಹಿಡಿದು ನಿಂತಿದ್ದ ಮುದುಕಿಗೆ, ಬೇಡವೆಂದರೂ ಮುಂದಿನವರ ಮಾತು ಕಿವಿಗೆ ಬೀಳುತ್ತಿತ್ತು. ಕಡ್ಡಾಯದ ಸೈನ್ಯಸೇವೆ ಮುಗಿಸಿ ಆಗಷ್ಟೇ ಬಂದಿಳಿದ ತಮ್ಮ. ಹೊಲಿಗೆ ಕಾರ್ಖಾನೆಗೆ ಹೊರಟು ನಿಂತ ಅಕ್ಕ. ದಂಡಿಗೆ ಹೋದ ಮುದುಕಿಯ ಮಗ ಹಾಗೆ ಬಂದಿಳಿದಿರಲಿಲ್ಲ.

“ನನ್ನ ಜಾಗ ಬೇರೆಯವರ ಪಾಲಾಗಬಾರದು ಅಂತ ನೀನೇ ಹೋಗಿ ನಿಂತೆಯಲ್ಲಕ್ಕ! ಈ ಎಡಚನ ಕತ್ತರಿ ಹೇಗೆ ಹಿಡಿದೆ?”

“ಎಡಗೈಯಲ್ಲೇ ಬಟ್ಟೆ ಕತ್ತರಿಸೋದು ಕಲಿತೆ ಕಣೋ. ಎಡಗೈಗೆ ಅಂತ ಹಾಕಿದ್ದ ನಿನ್ನ ಮೇಜು ತಿರುಗಿಸೋಕೂ ಬಿಡಲಿಲ್ಲ.”

“ಭೇಷ್! ನಾಳೆಯಿಂದ ಮನೇಲಿ ಕಾಲು ಚಾಚಿ ಕೂತ್ಕೋ. ನಾನು ಬಂದೆನಲ್ಲ.”

“ಧಣಿ ಬೇಡ ಅಂದ್ರು.”

“ಏನು ಬೇಡ?”

“ನೀನು. ‘ಅರ್ಧ ಸಂಬಳಕ್ಕೆ ನೀನೇ ಮಾಡ್ತಿರೋವಾಗ ನಿನ್ನ ತಮ್ಮ ಯಾಕಮ್ಮ’ ಅಂದ್ರು.”

“ಕಳಿಸೋವಾಗ ಬೆನ್ನು ತಟ್ಟಿದ್ರಲ್ಲ! ನಿನ್ನ ಕೆಲಸ ಎಲ್ಲಿಗೂ ಹೋಗಲ್ಲ ಅಂದಿದ್ರಲ್ಲ!”

“ನಾನು ಬಿಡ್ತೀನಿ ಅಂದೆ ಕಣೋ. ಹಾಗಾದ್ರೆ ಇಬ್ಬರೂ ಬೇಡ ಅಂದ್ರು.”

ಬಸ್ಸು ಬಂತು. ಅಕ್ಕ ಕದಲಲಿಲ್ಲ. ತಮ್ಮ ಅವಳ ಮೊಣಕೈ ಹಿಡಿದು ಮೆಟ್ಟಿಲು ಹತ್ತಿಸಿದ.

“ಹೊತ್ತಾದ್ರೆ ನಿನ್ನನ್ನೂ ಕಳಿಸಿಬಿಡ್ತಾರೆ, ಹೋಗು. ನಾನು ಬೇಕು ಅನ್ನೋರು ಇನ್ನು ದಂಡಿನೋರೇ ಅಂತ ಕಾಣುತ್ತೆ.”

“ಲೋ, ಬೇಡ ಕಣೋ…” ಅಕ್ಕ ಕಿಟಕಿಯಿಂದ ಕೂಗಿದಳು.

ಬಸ್ಸು ಹೊರಟಿತು. ಅವನು ಚೀಲ ಬೆನ್ನಿಗೇರಿಸಿ ಬಂದ ದಾರಿಗೇ ತಿರುಗಿದ.