ನೀ ಹೇಳಿದಂಗ

ಬೆಳಗಾವಿಯ ಆಸ್ಪತ್ರೆಯಿಂದ ದೇಸೂರಿಗೆ ಮರಳುತ್ತಿದ್ದ ಗಂಡ ಹೆಂಡತಿ ಪ್ಯಾಸೆಂಜರ್ ರೈಲಿನಲ್ಲಿ ನನ್ನ ಎದುರಿಗೇ ಕೂತಿದ್ದರು. ನಾನು ಪೇಪರು ಓದುತ್ತಿರುವಂತೆ ನಟಿಸುತ್ತಿದ್ದೆ.

“ಡಾಕ್ಟರ್ ಸೋಮವಾರ ಮತ್ತ ಕೇಳತಾರ, ಸಾತವ್ವಾ. ಪೂರ್ತಿ ಎದಿ ತಗಸೂದೋ, ಕ್ಯಾನ್ಸರ್ ಗಡ್ಡಿ ಅಷ್ಟ ತಗಿಸಿ ರೇಡಿಯೇಶನ್ ಕರೆಂಟ್ ಕೊಡಸೂದೋ?”

“ನಿಮಗೇನ ಅನಸ್ತೈತ್ರಿ?”

“ನಂದೇನೈತಿ? ನೀ ಹೇಳಿದಂಗ.”

“ಪಲ್ಯಾ ಯಾವುದಂದ್ರ ನೀ ಹೇಳಿದಂಗ. ಎಮ್ಮಿ ಮಾರೂದಂದ್ರ ನೀ ಹೇಳಿದಂಗ. ಸೊಸಿ ಸೀರಿ ಬಣ್ಣಾನೂ ನಾನ ಹೇಳಬೇಕು. ಮುಂಜಾನೆ ಡಾಕ್ಟರ್ ಕೇಳೂದ್ರಾಗ ನನ್ನ ತಲ್ಯಾಗ ಏನೂ ಉಳದಿರಲಿಲ್ಲ.”

“ಎಲ್ಲಾರೂ ನಿನಗ ಮರ್ಯಾದಿ ಕೊಟ್ಟ ಕೇಳತಾರ.”

“ಸಾಕ್ರಿ ಆ ಮರ್ಯಾದಿ. ಸೋಮವಾರದ ತನಕಾ ಮನೀದೆಲ್ಲಾ ನೀವ ನೋಡ್ರಿ. ನನ್ನ ಎದೀದೊಂದ ನಾ ವಿಚಾರ ಮಾಡತೀನಿ.”

ಗಂಡ ಒಪ್ಪಿದ. ಹೊಸ ಅಧಿಕಾರ ಸಿಕ್ಕ ಗಾಂಭೀರ್ಯದಲ್ಲಿ ಸ್ವಲ್ಪ ಹೊತ್ತು ಕಿಟಕಿಯ ಹೊರಗೆ ನೋಡಿದ.

“ರಾತ್ರಿಗೆ ಝುಣಕಾ ಮಾಡತೀನಿ.”

“ಮಾಡ್ರಿ.”

“ಖಾರ ಎಷ್ಟ ಹಾಕಲಿ?”

“ಇದನ್ನೂ ನಾನ ಹೇಳೂದಾದ್ರ, ಎದಿ ಇರಲಿ, ತಲೀನ ತಗೀರಿ ಅಂತ ಡಾಕ್ಟರಿಗೆ ಹೇಳಿಬಿಡತೀನಿ.”

ಪೇಪರಿನ ಹಿಂದೆ ನಾನು ಕೆಮ್ಮಬೇಕಾಯಿತು. ರೈಲು ದೇಸೂರಿನಲ್ಲಿ ನಿಂತಿತು. ಗಂಡ ಚೀಲ ಹೆಗಲಿಗೇರಿಸಿದ.

“ಹಂಗಾರ ಕೈಗೆ ಬಂದಷ್ಟ ಹಾಕತೀನಿ. ಆಮ್ಯಾಲೆ ಬೈಬ್ಯಾಡ ಮತ್ತ.”

“ಬೈಯೂದಷ್ಟ ನನಗ ಬಿಡ್ರಿ,” ಎನ್ನುತ್ತ ಸಾತವ್ವ ಅವನ ಹಿಂದೆಯೇ ಇಳಿದು ಹೋದಳು.