ಮಾರನೇ ದಿನದ ಪಾಠ

ಸಾಗರದ ಬಸ್‌ಸ್ಟ್ಯಾಂಡಿನಲ್ಲಿ ಹೊಸನಗರದ ಬಸ್ಸಿಗೆ ಕಾಯುತ್ತಿದ್ದ ದುಗ್ಗಮ್ಮನ ಪಕ್ಕ ಕರಿಕೋಟಿನವರಿಬ್ಬರು ಬಂದು ಕೂತರು. ಹಿರಿಯರು ಲಾ ಕಾಲೇಜಿನ ಮೇಷ್ಟ್ರು, ಸರ್ಕಾರಿ ವಕೀಲರೂ ಹೌದು. ಕಿರಿಯವನು ಅವರ ಹಳೇ ಶಿಷ್ಯ, ಈಗ ಎದುರು ಪಕ್ಷದ ವಕೀಲ ಎಂದು ಮಾತಿನಲ್ಲೇ ಅವಳಿಗೆ ತಿಳಿಯಿತು.

“ನಮ್ಮ ಕಕ್ಷಿದಾರ, ಆ ಕಚೇರಿ ಗುಮಾಸ್ತರು, ಕಂಪ್ಯೂಟರಲ್ಲಿ ಹುಟ್ಟಿದ ತಾರೀಕು ತಿದ್ದಿದ್ದನ್ನ ಕಣ್ಣಾರೆ ಕಂಡೋರು ಯಾರಿದಾರೆ ಸರ್?”

“ಯಾರೂ ಇಲ್ಲ ಮಾರಾಯ. ಯಾರು ಯಾವಾಗ ತಿದ್ದಿದ್ರು ಅಂತ ಮಿಷಿನ್ನೇ ಬರ್ಕೊಟ್ಟ ಕಾಗದ ಇದೆ.”

“ಅಂಥ ಕಾಗದ ಸಾಕ್ಷಿ ಆಗಲ್ಲ ಅಂತ ನೀವೇ ಪಾಠ ಮಾಡಿದ್ರಿ. ನಾಳೆ ಕೋರ್ಟಲ್ಲಿ ನಿಮ್ಮ ನೋಟ್ಸನ್ನೇ ಓದ್ತೀನಿ.”

“ಓದು. ಆದ್ರೆ ಅದು ಅರ್ಧ ಪಾಠ. ಯಾವಾಗ ಸಾಕ್ಷಿ ಆಗುತ್ತೆ ಅಂತ ಮಾರನೇ ದಿನ ಹೇಳಿದ್ದೆ.”

“ನನ್ನ ನೋಟ್ಸಲ್ಲಿ ಅದಿಲ್ಲ ಸರ್.”

“ಹ್ಯಾಗಿರುತ್ತೆ? ಅವತ್ತು ನೀನು ಜೋಗದ ನೀರು ನೋಡಕ್ಕೆ ಹೋಗಿದ್ದೆ. ಪರೀಕ್ಷೆಗೆ ಕೂರೋಕೆ ತೊಂದ್ರೆ ಆಗ್ಬಾರ್ದು ಅಂತ ನಾನೇ ಹಾಜರಿ ಹಾಕಿದ್ದೆ.”

“ಹಾಗಾದ್ರೆ ನೀವೂ ದಾಖಲೆ ತಿದ್ದೋರೇ.”

“ಕಣ್ಣಾರೆ ಕಂಡೋರು ಯಾರಿದಾರೆ?”

ತೀರ್ಥಹಳ್ಳಿಯ ಬಸ್ಸು ಬಂತು. ಶಿಷ್ಯ ಮೇಷ್ಟ್ರ ಚೀಲವನ್ನೂ ತಾನೇ ಎತ್ತಿಕೊಂಡ.

“ಆ ಪಾಠ ದಾರೀಲಿ ಹೇಳಿ ಸರ್.”

“ನಾಳೆ ಹನ್ನೊಂದು ಗಂಟೆಗೆ, ಜಡ್ಜ್ ಎದುರಿಗೆ ಹೇಳ್ತೀನಿ,” ಎನ್ನುತ್ತ ಮೇಷ್ಟ್ರು ಅವನ ಹೆಗಲು ಹಿಡಿದು ಬಸ್ಸು ಹತ್ತಿದರು. “ಈ ಸಲ ತಪ್ಪಿಸ್ಬೇಡ.”